ಹದಿನೆಂಟು ದಿನ, ಹತ್ತು ಪಂದ್ಯ: ರೆಡ್ ಗ್ರೇಂಜ್ ಪ್ರಕರಣ

1925ರ ಡಿಸೆಂಬರ್ 12, ಶನಿವಾರ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಟಿಕೆಟ್ ಕೊಂಡಿದ್ದ ಸಾವಿರಾರು ಜನ ಅದನ್ನು ಹಿಂದಿರುಗಿಸಿ ದುಡ್ಡು ವಾಪಸು ಪಡೆದರು. ಪಂದ್ಯವೇನೂ ರದ್ದಾಗಿರಲಿಲ್ಲ. ಷಿಕಾಗೊ ಬೇರ್ಸ್ ತಂಡ ಊರಿಗೆ ಬಂದಿತ್ತು, ಎದುರಾಳಿ ಡೆಟ್ರಾಯಿಟ್ ಪ್ಯಾಂಥರ್ಸ್ ಸಿದ್ಧವಾಗಿತ್ತು, ಆಟವೂ ನಡೆಯಿತು. ಬೇರ್ಸ್ 21–0ರಿಂದ ಸೋತಿತು. ಆದರೆ ತೋಳಿಗೆ ಪೆಟ್ಟಾಗಿದ್ದ ಒಬ್ಬ ಆಟಗಾರ ಅಂದು ಕಣಕ್ಕಿಳಿಯುವುದಿಲ್ಲ ಎಂಬ ಸುದ್ದಿ ಹರಡಿತ್ತು. ಜನ ಕಾಸು ಕೊಟ್ಟದ್ದು ಅವನನ್ನು ನೋಡುವುದಕ್ಕೆ. ಉಳಿದ ಇಪ್ಪತ್ತೊಂದು ಮಂದಿಯ ಆಟ ಯಾರಿಗೂ ಬೇಕಿರಲಿಲ್ಲ.

ಅವನ ಹೆಸರು ಹೆರಾಲ್ಡ್ ಎಡ್ವರ್ಡ್ ಗ್ರೇಂಜ್. ಕೆಂಚು ಕೂದಲಿನಿಂದಾಗಿ ಎಲ್ಲರ ಬಾಯಲ್ಲಿ ರೆಡ್ ಗ್ರೇಂಜ್. ವಯಸ್ಸು 22. ಮೂರು ವಾರಗಳ ಹಿಂದೆ ಅವನು ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ. ಈ ಮೂರು ವಾರಗಳಲ್ಲಿ ಅವನು ಕಾಲೇಜು ಬಿಟ್ಟ, ಗುರುವಿನ ಸಿಟ್ಟಿಗೆ ಗುರಿಯಾದ, ಅಧ್ಯಕ್ಷರ ಕೈಕುಲುಕಿದ, ದೇಶದ ಯಾವ ಫುಟ್‌ಬಾಲ್ ಆಟಗಾರನೂ ಕನಸಿನಲ್ಲಿ ಎಣಿಸದಷ್ಟು ಹಣ ಎಣಿಸಿದ. ಮುಳುಗುತ್ತಿದ್ದ ವೃತ್ತಿಪರ ಫುಟ್‌ಬಾಲನ್ನು ಒಬ್ಬನೇ ಎತ್ತಿ ನಿಲ್ಲಿಸಿದ ಎಂದು ಅವನ ಕಥೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಆ ಕಥೆಯನ್ನು ಗೇಟಿನ, ಅಂದರೆ ಟಿಕೆಟ್ ಹಣದ, ಕಡೆಯಿಂದ ನೋಡಿ ಹೇಳಲಾಗಿದೆ. ಅದೇ ಪ್ರಕರಣವನ್ನು ಅವನ ಕಾಲುಗಳ ಕಡೆಯಿಂದ ನೋಡಿದರೆ ಏನು ಕಾಣುತ್ತದೆ ಎಂಬುದು ಇಲ್ಲಿಯ ವಿಷಯ.

ಆಟದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಹೆಸರು ಫುಟ್‌ಬಾಲ್ ಆದರೂ ಇಲ್ಲಿ ಕಾಲಿಗಿಂತ ಕೈಗೆ ಹೆಚ್ಚು ಕೆಲಸ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಗೆರೆಯಾಚೆಗೆ ಓಡಬೇಕು, ಅದು ಟಚ್‌ಡೌನ್. ಮೈದಾನದ ಉದ್ದ 100 ಗಜ. ಎದುರಿನ ಹನ್ನೊಂದು ಜನ ಓಡುವವನನ್ನು ಕೆಡವಲು ಮೈಮೇಲೆ ಬೀಳುತ್ತಾರೆ. ನಮ್ಮ ಕಬಡ್ಡಿಯಲ್ಲಿ ರೇಡರ್‌ನನ್ನು ಮುತ್ತುವ ಹಾಗೆ, ಆದರೆ ಇನ್ನೂ ರಭಸದಿಂದ. ಹೀಗೆ ಓಡುವ ಕೆಲಸ ಮುಖ್ಯವಾಗಿ ಹಾಫ್‌ಬ್ಯಾಕ್ ಎಂಬವನದು. ಗ್ರೇಂಜ್ ಹಾಫ್‌ಬ್ಯಾಕ್. 1920ರ ದಶಕದಲ್ಲಿ ದಾಳಿಗೊಂದು ತಂಡ, ರಕ್ಷಣೆಗೊಂದು ತಂಡ ಎಂಬ ಐಷಾರಾಮ ಇರಲಿಲ್ಲ. ಅದೇ ಹನ್ನೊಂದು ಜನ ಎರಡನ್ನೂ ಆಡಬೇಕಿತ್ತು. ತಲೆಗೆ ತೆಳು ತೊಗಲಿನ ಶಿರಸ್ತ್ರಾಣ.

ಮಂಜುಗಡ್ಡೆ ಹೊತ್ತ ಹುಡುಗ

ಗ್ರೇಂಜ್ ಹುಟ್ಟಿದ್ದು 1903ರ ಜೂನ್ 13ರಂದು, ಪೆನ್ಸಿಲ್ವೇನಿಯದ ಫೋರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಲೈಲ್ ಗ್ರೇಂಜ್ ಮರ ಕಡಿಯುವ ಶಿಬಿರಗಳಲ್ಲಿ ಮೇಸ್ತ್ರಿ. ಹುಡುಗನಿಗೆ ಐದು ವರ್ಷವಾದಾಗ ತಾಯಿ ತೀರಿಕೊಂಡರು. ತಂದೆ ಮಕ್ಕಳನ್ನು ಕಟ್ಟಿಕೊಂಡು ಷಿಕಾಗೊ ಹತ್ತಿರದ ವೀಟನ್‌ಗೆ ಬಂದರು. ಮುಂದೆ ಆ ಊರಿನ ಪೊಲೀಸ್ ಮುಖ್ಯಸ್ಥರಾದರು. ಹುದ್ದೆಯ ಹೆಸರು ದೊಡ್ಡದಾಗಿತ್ತೇ ಹೊರತು ಮನೆಯಲ್ಲಿ ಹಣ ತುಂಬಿ ತುಳುಕುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಗ್ರೇಂಜ್ ಮಂಜುಗಡ್ಡೆ ಸಾಗಿಸುವ ಕೆಲಸ ಹಿಡಿದ. ರೆಫ್ರಿಜರೇಟರ್ ಮನೆಮನೆಗೆ ಬರುವ ಮುಂಚಿನ ಕಾಲ ಅದು. ಬೆಳಗಾಗುವ ಮುಂಚೆ ಗಾಡಿ ಹೊರಡಬೇಕು, ಭಾರವಾದ ಗಡ್ಡೆಯನ್ನು ಇಕ್ಕಳದಲ್ಲಿ ಹಿಡಿದು ಹೆಗಲಿಗೇರಿಸಬೇಕು, ಮೆಟ್ಟಿಲು ಹತ್ತಿ ಅಡುಗೆಮನೆಯ ಪೆಟ್ಟಿಗೆಯಲ್ಲಿ ಇಡಬೇಕು. ಇದೇ ಕೆಲಸ ತನ್ನ ಕಾಲಿಗೂ ಬೆನ್ನಿಗೂ ಬಲ ಕೊಟ್ಟಿತು ಎಂದು ಅವನು ನಂಬಿದ್ದ. ದೇಶವೆಲ್ಲ ಹೆಸರು ಹಬ್ಬಿದ ಮೇಲೂ ರಜೆ ಬಂದರೆ ಅದೇ ಗಾಡಿ ಹತ್ತುತ್ತಿದ್ದ. ಪತ್ರಿಕೆಗಳವರಿಗೆ ಇದು ಹಬ್ಬ. ಹೆಗಲ ಮೇಲೆ ಮಂಜುಗಡ್ಡೆ ಹೊತ್ತು ನಗುತ್ತಿರುವ ಗ್ರೇಂಜ್ ಚಿತ್ರಗಳು ಸಾಲುಸಾಲಾಗಿ ಬಂದವು. ‘ವೀಟನ್‌ನ ಐಸ್‌ಮ್ಯಾನ್’ ಎಂಬ ಹೆಸರೂ ಅಂಟಿಕೊಂಡಿತು. ದೇಶವೇ ಹುಚ್ಚೆದ್ದು ನೋಡುವ ಆಟಗಾರ ಕೂಲಿ ಮಾಡಿ ಓದುತ್ತಿದ್ದಾನೆ ಎಂಬುದನ್ನು ಎಲ್ಲರೂ ಮೆಚ್ಚಿಕೊಂಡರು. ಅವನು ಆಡುತ್ತಿದ್ದ ಕ್ರೀಡಾಂಗಣಗಳ ಟಿಕೆಟ್ ಹಣ ಎಲ್ಲಿ ಹೋಗುತ್ತಿದೆ ಎಂದು ಕೇಳಿದವರು ಕಡಿಮೆ.

ಆ ಹಣ ಸಣ್ಣದಲ್ಲ. 1924ರ ಅಕ್ಟೋಬರ್ 18ರಂದು ಇಲಿನಾಯ್ ವಿಶ್ವವಿದ್ಯಾಲಯ ತನ್ನ ಹೊಸ ಮೆಮೋರಿಯಲ್ ಸ್ಟೇಡಿಯಂ ಅನ್ನು ವಿಧ್ಯುಕ್ತವಾಗಿ ಅರ್ಪಿಸಿತು. ಎದುರಾಳಿ ಮಿಷಿಗನ್, ಸೋಲನ್ನೇ ಮರೆತಿದ್ದ ತಂಡ. ಮೊದಲ ಕಿಕ್ಕಿನಲ್ಲೇ ಚೆಂಡು ಗ್ರೇಂಜ್ ಕೈಗೆ ಬಂತು. ಅವನು 95 ಗಜ ಓಡಿ ಟಚ್‌ಡೌನ್ ಮಾಡಿದ. ಆಮೇಲೆ 67 ಗಜ. ಆಮೇಲೆ 56. ಆಮೇಲೆ 44. ಆಟ ಶುರುವಾಗಿ ಹನ್ನೆರಡು ನಿಮಿಷ ಮುಗಿಯುವಷ್ಟರಲ್ಲಿ ನಾಲ್ಕು ಟಚ್‌ಡೌನ್. ತರಬೇತುದಾರ ಬಾಬ್ ಜುಪ್ಕೆ ಅವನನ್ನು ಹೊರಗೆ ಕರೆದು ಕೂರಿಸಿ, ಮುಂದೆ ಮತ್ತೆ ಇಳಿಸಿದಾಗ ಇನ್ನೊಂದು ಟಚ್‌ಡೌನ್ ತಾನೇ ಮಾಡಿ, ಮತ್ತೊಂದಕ್ಕೆ ಚೆಂಡೆಸೆದ. ಅಂತಿಮ ಅಂಕ 39–14.

ಅವನ ಓಟ ಎಂಥದ್ದೆಂದು ಕಂಡವರು ಬರೆದುದನ್ನು ಓದಿದರೆ ಒಂದು ಮಾತು ಮತ್ತೆ ಮತ್ತೆ ಸಿಗುತ್ತದೆ. ಅವನು ಗುದ್ದಿ ನುಗ್ಗುವವನಲ್ಲ. ಎದುರಾಳಿ ಹಿಡಿದೇಬಿಟ್ಟ ಎನ್ನುವ ಕ್ಷಣದಲ್ಲಿ ಸೊಂಟ ತಿರುಗಿಸಿ, ವೇಗ ಒಂದಿಷ್ಟು ತಗ್ಗಿಸಿ, ಮರುಗಳಿಗೆ ಬೇರೊಂದು ದಿಕ್ಕಿಗೆ ಚಿಮ್ಮುತ್ತಿದ್ದ. ಹಿಡಿಯಲು ಹೋದವನ ಕೈಯಲ್ಲಿ ಗಾಳಿ. ‘ಗ್ಯಾಲಪಿಂಗ್ ಘೋಸ್ಟ್’ ಎಂಬ ಬಿರುದು ಹುಟ್ಟಿದ್ದು ಹಾಗೆ. ಕನ್ನಡದಲ್ಲಿ ನಾಗಾಲೋಟದ ದೆವ್ವ ಎನ್ನಬಹುದು. ಈ ಓಟದ ಗುಟ್ಟು ಒಂದೇ ಒಂದು ಕೀಲಿನ ಮೇಲೆ ನಿಂತಿತ್ತು: ಮಂಡಿ. ಮುಂದೆ ಇದು ಬೇಕಾಗುತ್ತದೆ.

ಸಿನಿಮಾ ಮಂದಿರದ ಮಾಲೀಕ

ವಿಶ್ವವಿದ್ಯಾಲಯವಿದ್ದ ಊರಿನಲ್ಲಿ, ಷಾಂಪೇನ್‌ನಲ್ಲಿ, ಚಾರ್ಲ್ಸ್ ಸಿ. ಪೈಲ್ ಎಂಬುವನು ಚಿತ್ರಮಂದಿರ ನಡೆಸುತ್ತಿದ್ದ. ಒಳ್ಳೆಯ ಸೂಟು, ನೀಟಾದ ಮೀಸೆ, ಎಣ್ಣೆ ಸವರಿದಂಥ ಮಾತು. ಅವನ ಹೆಸರಿನ ಎರಡು ‘ಸಿ’ಗಳನ್ನು ‘ಕ್ಯಾಶ್ ಅಂಡ್ ಕ್ಯಾರಿ’ ಎಂದು ಬಿಡಿಸಿ ಓದಿದವರಿದ್ದರು. ಒಂದು ದಿನ ಗ್ರೇಂಜ್ ಸಿನಿಮಾ ನೋಡಲು ಬಂದಾಗ ಪೈಲ್ ಅವನನ್ನು ಕಚೇರಿಗೆ ಕರೆಸಿದ. ಒಂದು ಲಕ್ಷ ಡಾಲರ್, ಬೇಕಾದರೆ ಹತ್ತು ಲಕ್ಷ, ಸಂಪಾದಿಸಲು ಮನಸ್ಸಿದೆಯೇ ಎಂದು ಕೇಳಿದ. ಇದು ಗ್ರೇಂಜ್ ಮುಂದೆ ಹೇಳಿಕೊಂಡು ಬಂದ ಕಥೆ. ಕಾನೂನಿಗೆ ವಿರುದ್ಧವಾದ ವ್ಯವಹಾರ ಇರಬಹುದೆಂದು ತನಗೆ ಮೊದಲು ಅನುಮಾನ ಬಂತು ಎಂದೂ ಅವನು ಹೇಳುತ್ತಿದ್ದ.

ಪೈಲ್ ತಲೆಯಲ್ಲಿದ್ದ ಲೆಕ್ಕ ಸರಳ. ಕಾಲೇಜು ಆಟಕ್ಕೆ ಹತ್ತಾರು ಸಾವಿರ ಜನ ಬರುತ್ತಾರೆ, ಆಟಗಾರನಿಗೆ ಬಿಡಿಗಾಸಿಲ್ಲ. ವೃತ್ತಿಪರ ಆಟದಲ್ಲಿ ಆಟಗಾರನಿಗೆ ಕಾಸು ಕೊಡುತ್ತಾರೆ, ನೋಡಲು ಜನವಿಲ್ಲ. ಎರಡನ್ನೂ ಗಂಟುಹಾಕಿದರೆ?

ವೃತ್ತಿಪರ ಫುಟ್‌ಬಾಲಿನ ಆಗಿನ ಸ್ಥಿತಿ ನೋಡಬೇಕು. ಲೀಗ್ ಹುಟ್ಟಿದ್ದು 1920ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನ ಮೋಟಾರು ಕಾರಿನ ಮಳಿಗೆಯೊಂದರಲ್ಲಿ. 1922ರಲ್ಲಿ ಅದಕ್ಕೆ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರು ಬಂತು. 1925ರಲ್ಲಿ 20 ತಂಡಗಳಿದ್ದವು. ಒಂದು ವರ್ಷ ಇದ್ದದ್ದು ಇನ್ನೊಂದು ವರ್ಷ ಇರುವ ಖಾತರಿ ಇರಲಿಲ್ಲ. ಆಟಗಾರನಿಗೆ ಪಂದ್ಯಕ್ಕೆ ನೂರು ಡಾಲರ್ ಆಸುಪಾಸು ಸಿಕ್ಕರೆ ಒಳ್ಳೆಯ ಸಂಬಳ. ಆ ವರ್ಷದ ಕೊನೆಗೆ ಮಿಲ್ವಾಕಿ ತಂಡ ಅವಸರದಲ್ಲಿ ಕೂಡಿಬಂದ ಒಂದು ಪಂದ್ಯಕ್ಕೆ ಆಳು ಸಾಲದೆ ನಾಲ್ವರು ಹೈಸ್ಕೂಲ್ ಹುಡುಗರನ್ನು ಇಳಿಸಿ ಸಿಕ್ಕಿಬಿದ್ದಿತು. ಇಂಥ ಲೀಗಿಗೆ ಸೇರುವುದೆಂದರೆ ಸಂಭಾವಿತರ ಕಣ್ಣಲ್ಲಿ ಸರ್ಕಸ್ ಕಂಪನಿಗೆ ಸೇರಿದ ಹಾಗೆ.

ಪೈಲ್ ಷಿಕಾಗೊಗೆ ಹೋಗಿ ಬೇರ್ಸ್ ತಂಡದ ಒಡೆಯರಾದ ಜಾರ್ಜ್ ಹಾಲಸ್ ಮತ್ತು ಡಚ್ ಸ್ಟರ್ನಮನ್ ಜೊತೆ ಮಾತಾಡಿದ. ಇಬ್ಬರೂ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಅದೇ ಜುಪ್ಕೆಯ ಶಿಷ್ಯರು. ಕೊನೆಗೆ ಕೂಡಿಬಂದ ಒಪ್ಪಂದದ ತಿರುಳು ಇಷ್ಟು: ಪ್ರವಾಸದ ಪಂದ್ಯಗಳಲ್ಲಿ ಬರುವ ಹಣದಲ್ಲಿ ಅರ್ಧ ತಂಡಕ್ಕೆ, ಅರ್ಧ ಪೈಲ್–ಗ್ರೇಂಜ್ ಜೋಡಿಗೆ. ಆ ಅರ್ಧದಲ್ಲಿ ದೊಡ್ಡ ಪಾಲು ಗ್ರೇಂಜ್‌ಗೆ, ಉಳಿದದ್ದು ಪೈಲ್‌ಗೆ. ಮೈದಾನದ ಒಬ್ಬ ಆಟಗಾರ ಮತ್ತು ಅವನ ದಲ್ಲಾಳಿ ಸೇರಿ ಇಡೀ ತಂಡಕ್ಕೆ ಸಮನಾದ ಪಾಲು ಪಡೆದರು! ಕ್ರೀಡಾಪಟುವಿಗೆ ಏಜೆಂಟ್ ಎಂಬುವನೊಬ್ಬ ಇರುತ್ತಾನೆ ಎಂಬುದೇ ಫುಟ್‌ಬಾಲಿಗೆ ಆಗ ಹೊಸ ಸಂಗತಿ.

ಇಲ್ಲೊಂದು ಇಕ್ಕಟ್ಟಿನ ಪ್ರಶ್ನೆಯಿದೆ. ಕಾಲೇಜಿನ ಕೊನೆಯ ಪಂದ್ಯ ಮುಗಿಯುವ ಮುನ್ನವೇ ಈ ಮಾತುಕತೆ ನಡೆದಿತ್ತು. ಹಣಕ್ಕೆ ಒಪ್ಪಿಕೊಂಡವನು ಕಾಲೇಜು ತಂಡದಲ್ಲಿ ಆಡುವಂತಿಲ್ಲ. ಪತ್ರಿಕೆಗಳಲ್ಲಿ ಗುಲ್ಲೆದ್ದಾಗ ತಾನು ಯಾವುದಕ್ಕೂ ಸಹಿ ಹಾಕಿಲ್ಲ ಎಂದು ಗ್ರೇಂಜ್ ಹೇಳಿದ. ಸಹಿ ಹಾಕಿರಲಿಲ್ಲ ಎಂಬುದು ಅಕ್ಷರಶಃ ನಿಜವಿರಬಹುದು. ಆದರೆ ಮಾತು ಕೊಟ್ಟದ್ದೂ ನಿಜ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನವೆಂಬರ್ 21ಕ್ಕೆ ಕೊನೆಯ ಪಂದ್ಯ, 22ಕ್ಕೆ ಷಿಕಾಗೊದಲ್ಲಿ ಸಹಿ, ಅಂದೇ ಬೇರ್ಸ್ ತಂಡದ ಬೆಂಚಿನ ಮೇಲೆ ಹಾಜರಿ. ಇಷ್ಟೆಲ್ಲ ಒಂದೇ ರಾತ್ರಿಯಲ್ಲಿ ಕುದುರುವ ವ್ಯವಹಾರವಲ್ಲ.

ಕೊನೆಯ ಆ ಕಾಲೇಜು ಪಂದ್ಯ ಒಹಾಯೊದ ಕೊಲಂಬಸ್‌ನಲ್ಲಿ ನಡೆಯಿತು. ಇಲಿನಾಯ್ 14–9ರಿಂದ ಗೆದ್ದಿತು. ಆಟ ಮುಗಿದ ಮೇಲೆ ಗ್ರೇಂಜ್ ತಾನು ವೃತ್ತಿಪರನಾಗುತ್ತೇನೆಂದು ಪ್ರಕಟಿಸಿದ. ಜುಪ್ಕೆ ಟ್ಯಾಕ್ಸಿಯಲ್ಲಿ ಅವನ ಪಕ್ಕ ಕುಳಿತು ಬುದ್ಧಿ ಹೇಳಿದ. ಫುಟ್‌ಬಾಲ್ ಹಣಕ್ಕಾಗಿ ಆಡುವ ಆಟವಲ್ಲ ಎಂಬುದು ಅವನ ವಾದ. ಗ್ರೇಂಜ್ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: ನೀವು ಆಟ ಕಲಿಸಿ ಸಂಬಳ ಪಡೆಯುತ್ತೀರಿ, ನಾನು ಆಡಿ ಪಡೆದರೆ ತಪ್ಪೇನು? ಜುಪ್ಕೆಗೆ ಉತ್ತರ ಹೊಳೆಯಲಿಲ್ಲ. ಈ ಪ್ರಶ್ನೆಗೆ ಅಮೆರಿಕದ ವಿಶ್ವವಿದ್ಯಾಲಯಗಳು ನೇರವಾದ ಉತ್ತರ ಕೊಡಲು ಆಮೇಲೆ ಹೆಚ್ಚುಕಡಿಮೆ ನೂರು ವರ್ಷ ತೆಗೆದುಕೊಂಡವು. ಗುರುಶಿಷ್ಯರ ಮಧ್ಯೆ ಬಿದ್ದ ಬಿರುಕು ಬಹಳ ಕಾಲ ಮುಚ್ಚಲಿಲ್ಲ. ಪದವಿಯನ್ನಂತೂ ಗ್ರೇಂಜ್ ಮುಗಿಸಲೇ ಇಲ್ಲ.

ಹದಿನೆಂಟು ದಿನಗಳ ಲೆಕ್ಕ

ನವೆಂಬರ್ 26, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಷಿಕಾಗೊದ ಕಬ್ಸ್ ಪಾರ್ಕ್‌ನಲ್ಲಿ ಬೇರ್ಸ್ ಮತ್ತು ಷಿಕಾಗೊ ಕಾರ್ಡಿನಲ್ಸ್. 36,000 ಜನ. ವೃತ್ತಿಪರ ಫುಟ್‌ಬಾಲ್ ಅಲ್ಲಿಯವರೆಗೆ ಅಷ್ಟು ಜನರನ್ನು ಕಂಡಿರಲಿಲ್ಲ. ಟಿಕೆಟ್ ಹಣ ಎಣಿಸುತ್ತಾ ಹಾಲಸ್ ಅತ್ತುಬಿಟ್ಟ ಎಂಬ ಮಾತೂ ಉಂಟು. ಆಟ ಮಾತ್ರ ಸಪ್ಪೆ: 0–0. ಕಾರ್ಡಿನಲ್ಸ್‌ನ ಪ್ಯಾಡಿ ಡ್ರಿಸ್ಕಾಲ್ ಬುದ್ಧಿವಂತ. ಚೆಂಡು ಒದೆಯಬೇಕಾದಾಗಲೆಲ್ಲ ಗ್ರೇಂಜ್ ಇರುವ ಕಡೆ ತಪ್ಪಿಸಿ ಒದೆದ. ಇಬ್ಬರಲ್ಲಿ ಒಬ್ಬರ ಮರ್ಯಾದೆ ಹೋಗಬೇಕಾದರೆ ಅದು ತನ್ನದಾಗಬಾರದು ಎಂಬುದು ಅವನ ಧೋರಣೆ. ಗ್ರೇಂಜ್ ಓಟ ನೋಡಲು ಬಂದಿದ್ದ ಜನ ಡ್ರಿಸ್ಕಾಲ್‌ನನ್ನು ಕೂಗಿ ಛೇಡಿಸಿದರು. ಅವನದೇ ಊರಿನ, ಅಷ್ಟು ದೊಡ್ಡ ಆಟಗಾರನನ್ನು!

ಮೂರು ದಿನ ಬಿಟ್ಟು ಕೊಲಂಬಸ್ ಟೈಗರ್ಸ್ ವಿರುದ್ಧ 14–13. ಡಿಸೆಂಬರ್ 2ರಂದು ಸೇಂಟ್ ಲೂಯಿಸ್‌ನಲ್ಲಿ ಕೊರೆಯುವ ಚಳಿ, ಕಡಿಮೆ ಜನ, ಗ್ರೇಂಜ್‌ನಿಂದ ನಾಲ್ಕು ಟಚ್‌ಡೌನ್. ಡಿಸೆಂಬರ್ 5ರ ಶನಿವಾರ ಫಿಲಡೆಲ್ಫಿಯದಲ್ಲಿ ಮಳೆ, ಕೆಸರು. ಬೇರ್ಸ್ ಗೆದ್ದ 14–7ರಲ್ಲಿ ಎರಡೂ ಟಚ್‌ಡೌನ್ ಗ್ರೇಂಜ್‌ನವು. ಅಂದು ರಾತ್ರಿಯೇ ರೈಲು ಹತ್ತಿ ಮರುದಿನ ಭಾನುವಾರ ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್. ಹಿಂದಿನ ದಿನ ಕೆಸರು ಮೆತ್ತಿದ ಬಟ್ಟೆಯನ್ನು ಒಗೆಸಲು ಕೂಡ ಸಮಯ ಸಾಲದಂಥ ಓಡಾಟ ಅದು.

ನ್ಯೂಯಾರ್ಕಿನ ಆ ಭಾನುವಾರವೇ ಈ ಇಡೀ ಪ್ರಕರಣದ ತಿರುಳು. ಅಲ್ಲಿಯ ಜಯಂಟ್ಸ್ ತಂಡವನ್ನು ಟಿಮ್ ಮಾರಾ ಎಂಬಾತ ಆ ವರ್ಷವೇ ಕೊಂಡಿದ್ದ. ಕುದುರೆ ಜೂಜಿನ ಬುಕ್ಕಿಯಾಗಿ ಹಣ ಮಾಡಿದವನು. ಆಗ ನ್ಯೂಯಾರ್ಕಿನಲ್ಲಿ ಅದು ಕಾನೂನುಬದ್ಧ ವೃತ್ತಿ. ಫುಟ್‌ಬಾಲಿನಲ್ಲಿ ಮಾತ್ರ ಅವನ ಜೂಜು ಕೈಕೊಟ್ಟಿತ್ತು. ಆ ವರ್ಷ ಹತ್ತಾರು ಸಾವಿರ ಡಾಲರ್ ಕೈಬಿಟ್ಟಿದ್ದ. ಡಿಸೆಂಬರ್ 6ರಂದು ಪೋಲೊ ಗ್ರೌಂಡ್ಸ್‌ಗೆ ಸುಮಾರು 70,000 ಜನ ಬಂದರು. ಬೇರ್ಸ್ 19–7ರಿಂದ ಗೆದ್ದಿತು; ಗ್ರೇಂಜ್ ಎದುರಾಳಿಯ ಎಸೆತವನ್ನು ನಡುವೆಯೇ ಹಿಡಿದು ಟಚ್‌ಡೌನ್‌ವರೆಗೆ ಓಡಿದ. ಸೋತ ಮಾರಾನ ಮುಖದಲ್ಲಿ ಬಹುಶಃ ಗೆದ್ದವರಿಗಿಂತ ದೊಡ್ಡ ನಗು. ಒಂದೇ ಮಧ್ಯಾಹ್ನದಲ್ಲಿ ಅವನ ವರ್ಷದ ನಷ್ಟ ತೀರಿ ಲಾಭವಾಯಿತು. ಜಯಂಟ್ಸ್ ತಂಡ ಇಂದಿಗೂ ಇದೆ; ಮಾರಾ ಕುಟುಂಬ ಇಂದಿಗೂ ಅದರ ಒಡೆತನದಲ್ಲಿದೆ.

ಪೈಲ್ ಸುಮ್ಮನಿರಲಿಲ್ಲ. ನ್ಯೂಯಾರ್ಕಿನ ಹೋಟೆಲ್ ಕೋಣೆಯಲ್ಲಿ ಕೂತು ಗ್ರೇಂಜ್ ಹೆಸರನ್ನು ಸ್ವೆಟರ್‌ಗೆ, ಶೂಗೆ, ಟೋಪಿಗೆ, ಬೊಂಬೆಗೆ, ಶುಂಠಿ ಪಾನೀಯಕ್ಕೆ ಮಾರಿದ. ಸಿನಿಮಾ ಒಪ್ಪಂದವೂ ಆಯಿತು, ಮೂರು ಲಕ್ಷ ಡಾಲರಿನ ಚೆಕ್ಕನ್ನು ಪತ್ರಕರ್ತರ ಮುಂದೆ ಹಿಡಿದು ತೋರಿಸಲಾಯಿತು. ಆ ಚೆಕ್ಕು ಬ್ಯಾಂಕಿಗಿಂತ ಕ್ಯಾಮೆರಾಗಳಿಗಾಗಿ ಬರೆದದ್ದು ಎಂಬುದು ಆಮೇಲೆ ಗೊತ್ತಾದ ಸಂಗತಿ. ಎರಡು ದಿನ ಕಳೆದು ವಾಷಿಂಗ್ಟನ್‌ನಲ್ಲಿ ಗ್ರೇಂಜ್‌ನನ್ನು ಅಧ್ಯಕ್ಷ ಕೂಲಿಜ್ ಬಳಿಗೆ ಕರೆದೊಯ್ದು ‘ಇವರು ಬೇರ್ಸ್ ತಂಡದವರು’ ಎಂದು ಪರಿಚಯಿಸಿದರಂತೆ. ‘ಬೇರ್’ ಎಂದರೆ ಕರಡಿಯಲ್ಲವೇ? ಪ್ರಾಣಿಗಳ ಆಟ ತಮಗೆ ಯಾವಾಗಲೂ ಇಷ್ಟ ಎಂದು ಅಧ್ಯಕ್ಷರು ಹೇಳಿದರಂತೆ. ಗ್ರೇಂಜ್ ಬದುಕಿನುದ್ದಕ್ಕೂ ಹೇಳಿ ನಗಿಸಿದ ಕಥೆ ಇದು. ಒಂದಿಷ್ಟು ಬೆಳೆದಿದ್ದರೂ ಆಶ್ಚರ್ಯವಿಲ್ಲ.

ಈಗ ದಿನಾಂಕಗಳನ್ನು ಮತ್ತೊಮ್ಮೆ ನೋಡಿ. ಡಿಸೆಂಬರ್ 5, 6, 8, 9, 10, 12, 13. ಒಂಬತ್ತು ದಿನಗಳಲ್ಲಿ ಏಳು ಪಂದ್ಯ. ಇಂದು ಅದೇ ಲೀಗಿನ ಆಟಗಾರ ಸಾಮಾನ್ಯವಾಗಿ ವಾರಕ್ಕೊಂದು ಪಂದ್ಯ ಆಡುತ್ತಾನೆ. ನಾಲ್ಕು ದಿನಕ್ಕೆ ಇನ್ನೊಂದು ಬಂದರೆ ಆಟಗಾರರ ಸಂಘ ಗೊಣಗುತ್ತದೆ. ಬೇರ್ಸ್ ತಂಡದಲ್ಲಿ ಇಪ್ಪತ್ತು ಜನರೂ ಇರಲಿಲ್ಲ. ದಾಳಿ, ರಕ್ಷಣೆ ಎರಡೂ ಅವರದೇ. ಉಳಿದವರಲ್ಲಿ ಯಾರಾದರೂ ಕುಂಟುತ್ತಾ ಹೊರಗೆ ಕುಳಿತರೆ ನಡೆಯುತ್ತಿತ್ತು. ಗ್ರೇಂಜ್ ಕುಳಿತುಕೊಳ್ಳುವಂತಿಲ್ಲ, ಟಿಕೆಟ್ ಮಾರಾಟವಾದದ್ದೇ ಅವನ ಹೆಸರಿನಲ್ಲಿ. ಎದುರಾಳಿಗಳಿಗೂ ಅವನೇ ಬೇಟೆ. ಪಂದ್ಯಕ್ಕೆ ನೂರು ಡಾಲರ್ ಪಡೆಯುವವನಿಗೆ ಸಾವಿರಗಟ್ಟಲೆ ಬಾಚುವವನು ಕೈಗೆ ಸಿಕ್ಕರೆ ಎಷ್ಟು ಮೆತ್ತಗೆ ಕೆಡವಿಯಾನು?

ಡಿಸೆಂಬರ್ 9ರಂದು ಬೋಸ್ಟನ್‌ನಲ್ಲಿ ದೇಹ ಉತ್ತರ ಕೊಟ್ಟಿತು. ಕಾಲು ಏಳಲಿಲ್ಲ. ಬೇರ್ಸ್ 9–6ರಿಂದ ಸೋತಿತು, ಮೂರು ದಿನಗಳ ಹಿಂದೆ ದೇಶವೇ ಹೊಗಳಿದವನನ್ನು ಜನ ಗೇಲಿ ಮಾಡಿದರು. ಮರುದಿನ ಪಿಟ್ಸ್‌ಬರ್ಗ್‌ನಲ್ಲಿ ತೋಳಿಗೆ ಬಲವಾದ ಪೆಟ್ಟು, ಆರಂಭದಲ್ಲೇ ಹೊರನಡೆದ. ಸೋಲು 24–0. ಆಮೇಲೆ ಡೆಟ್ರಾಯಿಟ್‌ನ ಟಿಕೆಟ್ ವಾಪಸಿ. 13ರಂದು ಷಿಕಾಗೊದಲ್ಲಿ ಜಯಂಟ್ಸ್ ವಿರುದ್ಧ ಬೇರ್ಸ್ ಸೋತಾಗಲೂ ಗ್ರೇಂಜ್ ಆಡಲಿಲ್ಲ.

ಅಲ್ಲಿಗೆ ಮುಗಿಯಿತೇ? ಇಲ್ಲ. ಎರಡು ವಾರದ ಒಳಗೆ, ಕ್ರಿಸ್‌ಮಸ್ ದಿನ, ಫ್ಲಾರಿಡದಲ್ಲಿ ಎರಡನೆಯ ಪ್ರವಾಸ ಶುರು. ನ್ಯೂ ಆರ್ಲಿಯನ್ಸ್ ಹಾದು ಕ್ಯಾಲಿಫೋರ್ನಿಯಕ್ಕೆ, ಅಲ್ಲಿಂದ ಪಶ್ಚಿಮ ಕರಾವಳಿಯುದ್ದಕ್ಕೂ ಸಿಯಾಟಲ್‌ವರೆಗೆ. ಲಾಸ್ ಏಂಜಲೀಸ್‌ನ ಕೊಲೀಸಿಯಂನಲ್ಲಿ 65,000ಕ್ಕೂ ಹೆಚ್ಚು ಜನ ಸೇರಿದರು. ಜನವರಿ ಮುಗಿಯುವಾಗ ಪ್ರವಾಸವೂ ಮುಗಿಯಿತು. ಈ ಪ್ರವಾಸಗಳಿಂದ ಗ್ರೇಂಜ್ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಗಳಿಸಿದ. ಅದೇ 1925ರಲ್ಲಿ ಬೇಸ್‌ಬಾಲಿನ ಚಕ್ರವರ್ತಿ ಬೇಬ್ ರೂತ್‌ನ ವಾರ್ಷಿಕ ಸಂಬಳ 52,000 ಡಾಲರ್.

ಹಣದ ಮಟ್ಟಿಗೆ ಈ ಒಪ್ಪಂದ ಮೋಸದ್ದಲ್ಲ ಎಂದೇ ನನ್ನ ಅಭಿಪ್ರಾಯ. ಪೈಲ್‌ನನ್ನು ಖಳನಾಯಕನಾಗಿ ಚಿತ್ರಿಸುವವರ ಜೊತೆ ನಾನಿಲ್ಲ. ಆಟಗಾರನಿಗೆ ಅವನು ದುಡಿದುಕೊಟ್ಟ ಹಣದ ನ್ಯಾಯವಾದ ಪಾಲನ್ನು ಕೊಡಿಸಿದ ಮೊದಲಿಗರಲ್ಲಿ ಅವನೊಬ್ಬ. ಅವನ ಒಪ್ಪಂದದಲ್ಲಿದ್ದ ಕುರುಡು ಬೇರೆಯದು. ಚಿತ್ರಮಂದಿರದವನಿಗೆ ರೀಲು ಒಂದೇ. ದಿನಕ್ಕೆ ಮೂರು ಪ್ರದರ್ಶನ ಹಾಕಿದರೂ ಪರದೆಯ ಮೇಲೆ ಅದೇ ನಾಯಕ, ಅದೇ ಓಟ. ಗ್ರೇಂಜ್‌ನನ್ನೂ ಅವನು ರೀಲಿನಂತೆ ಊರೂರಿಗೆ ಓಡಿಸಿದ. ಗೇಟಿನ ಅರ್ಧಭಾಗ ಬೇಕೆಂದು ಹಟ ಹಿಡಿದವನಿಗೆ ಎರಡು ಪಂದ್ಯಗಳ ನಡುವೆ ಇಷ್ಟು ದಿನ ಬಿಡುವು ಎಂದು ಬರೆಸಿಕೊಳ್ಳುವುದು ಹೊಳೆಯಲಿಲ್ಲ. ಹಾಲಸ್‌ಗೂ ಹೊಳೆಯಲಿಲ್ಲ, ಅವನಂತೂ ಸ್ವತಃ ಮೈದಾನಕ್ಕಿಳಿದು ಆಡುತ್ತಿದ್ದವನು, ಪೆಟ್ಟಿನ ರುಚಿ ಬಲ್ಲವನು. ಇನ್ನು ಗ್ರೇಂಜ್‌ಗೆ ವಯಸ್ಸು 22.

ಸ್ವಂತ ಅಂಗಡಿ

ಮುಂದಿನ ವರ್ಷಕ್ಕೆ ಪೈಲ್ ಬೇರ್ಸ್ ತಂಡದ ಒಡೆತನದಲ್ಲೇ ಮೂರನೆಯ ಒಂದು ಪಾಲು ಕೇಳಿದ. ಹಾಲಸ್ ಮತ್ತು ಸ್ಟರ್ನಮನ್ ಒಪ್ಪಲಿಲ್ಲ. ಪೈಲ್ ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂ ಅನ್ನು ಬಾಡಿಗೆಗೆ ಹಿಡಿದು, ಅಲ್ಲೊಂದು ತಂಡ ಕಟ್ಟಲು ಲೀಗಿನ ಅನುಮತಿ ಬೇಡಿದ. ಈಗ ಅಡ್ಡಬಂದವನು ಟಿಮ್ ಮಾರಾ. ನ್ಯೂಯಾರ್ಕ್ ನನ್ನ ಪ್ರದೇಶ, ಇನ್ನೊಬ್ಬರಿಗೆ ಜಾಗವಿಲ್ಲ ಎಂದ. ಗ್ರೇಂಜ್ ಕಾಲಿನಿಂದ ಬದುಕುಳಿದವನೇ ಗ್ರೇಂಜ್‌ಗೆ ಬಾಗಿಲು ಮುಚ್ಚಿದ. ವ್ಯಾಪಾರದಲ್ಲಿ ಇದಕ್ಕೆ ಕೃತಘ್ನತೆ ಎನ್ನುವುದಿಲ್ಲ. ಮಾರಾನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಸರಿ, ಲೀಗ್ ಕೊಡದಿದ್ದರೆ ನಮ್ಮದೇ ಲೀಗ್ ಎಂದ ಪೈಲ್. 1926ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಹುಟ್ಟಿತು, ಒಂಬತ್ತು ತಂಡಗಳೊಂದಿಗೆ. ಗ್ರೇಂಜ್‌ನದು ನ್ಯೂಯಾರ್ಕ್ ಯಾಂಕೀಸ್. ಒಂದೇ ಊರಿನಲ್ಲಿ ಎರಡು ತಂಡ, ಒಂದೇ ದೇಶದಲ್ಲಿ ಎರಡು ಲೀಗ್. ನೋಡುವ ಜನ ಮಾತ್ರ ಅಷ್ಟೇ. ಮಾರಾ ಮತ್ತೆ ಹಣ ಕಳೆದುಕೊಂಡ, ಪೈಲ್‌ನ ಲೀಗ್ ಒಂದೇ ವರ್ಷಕ್ಕೆ ಮುಚ್ಚಿತು. ಹೊಸತರಲ್ಲಿ ‘ಗ್ರೇಂಜ್ ಬಂದ’ ಎಂದರೆ ಸುದ್ದಿ. ಪ್ರತಿ ವಾರ ಬಂದರೆ ಅವನೂ ಒಬ್ಬ ಆಟಗಾರ. 1927ರಲ್ಲಿ ಯಾಂಕೀಸ್ ತಂಡವನ್ನು ಹಳೆಯ ಲೀಗ್ ತನ್ನೊಳಗೆ ಸೇರಿಸಿಕೊಂಡಿತು.

ಇಷ್ಟರಲ್ಲಿ ಹಳೆಯ ಲೀಗ್ ಮತ್ತೊಂದು ಕೆಲಸ ಮಾಡಿತ್ತು. ಅಧ್ಯಕ್ಷ ಜೋ ಕಾರ್ ನೇತೃತ್ವದಲ್ಲಿ 1926ರ ಆರಂಭದಲ್ಲೇ ಒಂದು ನಿಯಮ ತಂದಿತು: ಯಾವ ವಿದ್ಯಾರ್ಥಿಯ ತರಗತಿ ಇನ್ನೂ ಪದವಿ ಮುಗಿಸಿಲ್ಲವೋ ಅವನನ್ನು ಯಾವ ತಂಡವೂ ಸೇರಿಸಿಕೊಳ್ಳುವಂತಿಲ್ಲ. ಕಾಲೇಜುಗಳ ಸಿಟ್ಟು ತಣಿಸಲು ಇದು ಬೇಕಿತ್ತು. ಗ್ರೇಂಜ್ ತೆರೆದ ಬಾಗಿಲಿನಿಂದ ಲಾಭ ಪಡೆದ ಲೀಗ್ ಅವನ ಹಿಂದೆಯೇ ಅದಕ್ಕೆ ಚಿಲಕ ಹಾಕಿತು. ಮುಂದಿನ ಗ್ರೇಂಜ್ ಯಾರೇ ಆಗಿದ್ದರೂ ನಾಳೆ ಸಹಿ ಹಾಕುತ್ತೇನೆ ಎಂದು ಬೆದರಿಸಿ ಚೌಕಾಸಿ ಮಾಡುವಂತಿರಲಿಲ್ಲ.

ಮಂಡಿ

1927ರ ಅಕ್ಟೋಬರ್ 16. ಷಿಕಾಗೊದಲ್ಲಿ ಯಾಂಕೀಸ್ ಮತ್ತು ಬೇರ್ಸ್. ಆಟ ಮುಗಿಯುತ್ತಾ ಬಂದಿತ್ತು. ಗ್ರೇಂಜ್ ಚೆಂಡು ಹಿಡಿಯಲು ನೆಗೆದು ಇಳಿಯುವಾಗ ಶೂವಿನ ಮೊಳೆ ನೆಲದಲ್ಲಿ ಕಚ್ಚಿಕೊಂಡಿತು. ಬೇರ್ಸ್‌ನ ಜಾರ್ಜ್ ಟ್ರಾಫ್ಟನ್ ಅವನ ಮೇಲೆ ಬಿದ್ದ. ಪಾದ ಅಲ್ಲೇ ನಿಂತಿತು, ಮೈ ತಿರುಗಿತು. ಬಲ ಮಂಡಿ ಹೋಯಿತು.

ಆಗ ಮಂಡಿಗೆ ಇಂದಿನಂಥ ಶಸ್ತ್ರಚಿಕಿತ್ಸೆ ಇರಲಿಲ್ಲ. ಇದ್ದ ಮದ್ದು ವಿಶ್ರಾಂತಿಯೊಂದೇ. ಅದೂ ಅವನಿಗೆ ಸಿಗಲಿಲ್ಲ. ತಂಡಕ್ಕೆ ಜನ ಬೇಕು, ಜನಕ್ಕೆ ಗ್ರೇಂಜ್ ಬೇಕು. ಅದೇ ವರ್ಷ ಕುಂಟುತ್ತಲೇ ಮತ್ತೆ ಇಳಿದ. ಹದಿನೆಂಟು ದಿನಗಳ ಹಳೆಯ ಲೆಕ್ಕಾಚಾರ ಇಲ್ಲಿಯೂ ಬದಲಾಗಿರಲಿಲ್ಲ. ಈ ಗಾಯಕ್ಕೂ 1925ರ ಪ್ರವಾಸಕ್ಕೂ ನೇರ ಸಂಬಂಧ ಕಟ್ಟುವುದು ಅತಿಯಾದೀತು. ನೆಲದಲ್ಲಿ ಮೊಳೆ ಸಿಕ್ಕಿಕೊಳ್ಳುವುದು ಯಾರಿಗಾದರೂ ಆಗಬಹುದು. ಆದರೆ ಗಾಯವಾದ ಮೇಲೂ ಇಳಿಸಿದ್ದು ಆಕಸ್ಮಿಕವಲ್ಲ.

1928ರಲ್ಲಿ ಅವನು ಆಡಲೇ ಇಲ್ಲ. ಯಾಂಕೀಸ್ ತಂಡವೂ ಮುಚ್ಚಿತು. ಪೈಲ್ ಆ ಹೊತ್ತಿಗೆ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ವರೆಗೆ ಜನರನ್ನು ಕಾಲ್ನಡಿಗೆಯಲ್ಲಿ ಓಡಿಸುವ ಸ್ಪರ್ಧೆಯೊಂದನ್ನು ಏರ್ಪಡಿಸಿ, ಗೆದ್ದವನಿಗೆ 25,000 ಡಾಲರ್ ಬಹುಮಾನವಿಟ್ಟು ಕೈಸುಟ್ಟುಕೊಳ್ಳುತ್ತಿದ್ದ. ಕಾಲುಗಳೆಂದರೆ ಅವನಿಗೇನು ವ್ಯಾಮೋಹವೋ.

ಇಲ್ಲಿಗೆ ಪ್ರಕರಣದ ಪ್ರಸಿದ್ಧ ಭಾಗ ಮುಗಿಯುತ್ತದೆ. ಬಹಳ ಜನ ಇಲ್ಲಿಗೆ ಓದುವುದನ್ನೂ ನಿಲ್ಲಿಸುತ್ತಾರೆ. ನನಗೆ ಗ್ರೇಂಜ್ ಮೇಲೆ ನಿಜವಾದ ಗೌರವ ಹುಟ್ಟುವುದು ಇಲ್ಲಿಂದ ಮುಂದೆ.

1929ರಲ್ಲಿ ಹಾಲಸ್ ಅವನನ್ನು ಮತ್ತೆ ಬೇರ್ಸ್‌ಗೆ ಕರೆದ. ದೆವ್ವ ಹೋಗಿತ್ತು. ಆ ಗಾಯದ ಬಳಿಕ ತಾನು ಎಲ್ಲರಂಥ ಇನ್ನೊಬ್ಬ ಹಾಫ್‌ಬ್ಯಾಕ್ ಮಾತ್ರ ಎಂದು ಗ್ರೇಂಜ್ ಸ್ವತಃ ಹೇಳಿಕೊಳ್ಳುತ್ತಿದ್ದ. ನೆಟ್ಟಗೆ ಓಡಬಲ್ಲ, ಸೊಂಟ ತಿರುಗಿಸಿ ತಪ್ಪಿಸಿಕೊಳ್ಳಲಾರ. ಅವನ ಹೆಸರಿಗೆ ಮಾರುಕಟ್ಟೆಯೂ ಮೊದಲಿನಂತಿರಲಿಲ್ಲ. ಹಾಗಿದ್ದೂ ಆರು ವರ್ಷ ಆಡಿದ. ಹೊಸದಾಗಿ ಕಲಿತದ್ದು ಓಡುವವರನ್ನು ಹಿಡಿಯುವ ವಿದ್ಯೆ. ಹಿಡಿತಕ್ಕೆ ಸಿಗದವನು ಹೇಗೆ ಯೋಚಿಸುತ್ತಾನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರರ ಸಾಲಿಗೆ ಸೇರಿದ.

1932ರ ಡಿಸೆಂಬರ್ 18ರಂದು ಲೀಗಿನ ಪ್ರಶಸ್ತಿ ತೀರ್ಮಾನಿಸುವ ಪಂದ್ಯ. ಹೊರಗೆ ಹಿಮಗಾಳಿ, ಆದ್ದರಿಂದ ಆಟ ಷಿಕಾಗೊ ಸ್ಟೇಡಿಯಂ ಎಂಬ ಒಳಾಂಗಣದಲ್ಲಿ, ಕಿರಿದಾದ ಮೈದಾನದಲ್ಲಿ. ಸ್ವಲ್ಪ ಮುಂಚೆ ಅಲ್ಲಿ ನಿಜವಾಗಿಯೇ ಸರ್ಕಸ್ ನಡೆದಿತ್ತು. ನೆಲದ ಮಣ್ಣಿಗೆ ಆನೆಗಳ ವಾಸನೆ ಉಳಿದಿತ್ತಂತೆ. ಬ್ರಾಂಕೊ ನಗುರ್ಸ್ಕಿ ಎಸೆದ ಚೆಂಡನ್ನು ಹಿಡಿದು ಪಂದ್ಯದ ಒಂದೇ ಟಚ್‌ಡೌನ್ ಮಾಡಿದವನು ಗ್ರೇಂಜ್. ನಗುರ್ಸ್ಕಿ ನಿಯಮದ ಪ್ರಕಾರ ಚೆಂಡು ಆಟಕ್ಕೆ ಬರುವ ಗೆರೆಯಿಂದ ಐದು ಗಜ ಹಿಂದೆ ನಿಂತು ಎಸೆಯಲಿಲ್ಲ ಎಂದು ಎದುರಾಳಿ ಪೋರ್ಟ್ಸ್‌ಮತ್ ತಂಡ ಗಲಾಟೆ ಮಾಡಿತು. ಮುಂದಿನ ವರ್ಷ ಲೀಗ್ ಆ ಐದು ಗಜದ ನಿಯಮವನ್ನೇ ತೆಗೆದುಹಾಕಿತು. ಇಂದು ಆ ಆಟದಲ್ಲಿ ಚೆಂಡು ಎಸೆಯುವುದಕ್ಕಿರುವ ಸ್ವಾತಂತ್ರ್ಯದ ಒಂದು ಬೇರು ಅಲ್ಲಿದೆ.

ಮರುವರ್ಷ, 1933ರ ಡಿಸೆಂಬರ್ 17ರಂದು, ಬೇರ್ಸ್ ಮತ್ತು ಜಯಂಟ್ಸ್ ಎದುರುಬದುರು. ಬೇರ್ಸ್ 23–21ರಿಂದ ಮುಂದಿತ್ತು. ಕೊನೆಯ ಕ್ಷಣದಲ್ಲಿ ಜಯಂಟ್ಸ್‌ನ ರೆಡ್ ಬ್ಯಾಡ್‌ಗ್ರೊ ಚೆಂಡು ಹಿಡಿದು ಓಡಿಬಂದ. ಅವನ ಪಕ್ಕದಲ್ಲೇ ಇನ್ನೊಬ್ಬ. ತಡೆಯಲು ಇದ್ದವನು ಗ್ರೇಂಜ್ ಒಬ್ಬನೇ. ಪಾಠದಂತೆ ಕಾಲಿಗೆ ಬಿದ್ದು ಕೆಡವಿದ್ದರೆ, ಬೀಳುವ ಮುನ್ನ ಬ್ಯಾಡ್‌ಗ್ರೊ ಚೆಂಡನ್ನು ಪಕ್ಕದವನಿಗೆ ದಾಟಿಸುತ್ತಿದ್ದ, ಪ್ರಶಸ್ತಿ ನ್ಯೂಯಾರ್ಕಿಗೆ. ಗ್ರೇಂಜ್ ಕಾಲಿಗೆ ಹೋಗಲಿಲ್ಲ. ಎದೆಮಟ್ಟದಲ್ಲಿ ತೋಳುಗಳ ಸಮೇತ, ಚೆಂಡಿನ ಸಮೇತ ಅವನನ್ನು ಬಾಚಿ ಅಪ್ಪಿಹಿಡಿದ. ಚೆಂಡು ಹೊರಬರಲಿಲ್ಲ. ಆಟ ಮುಗಿಯಿತು. ತಾನು ಕಂಡ ಅತ್ಯುತ್ತಮ ರಕ್ಷಣೆ ಅದು ಎಂದು ಹಾಲಸ್ ಕೊನೆಯವರೆಗೂ ಹೇಳುತ್ತಿದ್ದ. ಮೆಮೋರಿಯಲ್ ಸ್ಟೇಡಿಯಂನ 95 ಗಜಕ್ಕಿಂತ ಈ ಒಂದು ಅಪ್ಪುಗೆ ನನಗೆ ಹೆಚ್ಚು ಇಷ್ಟ. ಇದಕ್ಕೆ ಯಾರೂ ಬೊಂಬೆ ಮಾಡಿ ಮಾರಲಿಲ್ಲ.

ಆಮೇಲೆ ವಿಮೆಯ ವ್ಯವಹಾರ, ರೇಡಿಯೊ, ದೂರದರ್ಶನದಲ್ಲಿ ವೀಕ್ಷಕ ವಿವರಣೆ. 1963ರಲ್ಲಿ ಕ್ಯಾಂಟನ್‌ನಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನ ತೆರೆದಾಗ ಮೊದಲ ಹದಿನೇಳು ಮಂದಿಯಲ್ಲಿ ಅವನೊಬ್ಬ. ಹಾಲಸ್ ಕೂಡ, ಜೋ ಕಾರ್ ಕೂಡ, ಟಿಮ್ ಮಾರಾ ಕೂಡ. ಪೈಲ್ ಆ ಪಟ್ಟಿಯಲ್ಲಿಲ್ಲ. ಅವನು 1939ರಲ್ಲೇ ತೀರಿಕೊಂಡಿದ್ದ. ಗ್ರೇಂಜ್ 1991ರ ಜನವರಿ 28ರಂದು ಫ್ಲಾರಿಡದಲ್ಲಿ, 87ನೆಯ ವಯಸ್ಸಿನಲ್ಲಿ ನಿಧನನಾದ.

ಆಟ ಬಿಟ್ಟದ್ದು ಯಾವಾಗ ಎಂಬುದಕ್ಕೆ ಅವನದೇ ಒಂದು ವಿವರಣೆಯಿತ್ತು. 1935ರ ಜನವರಿ, ಕ್ಯಾಲಿಫೋರ್ನಿಯದಲ್ಲಿ ಒಂದು ಪ್ರದರ್ಶನ ಪಂದ್ಯ. ಬೇರ್ಸ್‌ನ ಗೆಳೆಯರು ದಾರಿ ಬಿಡಿಸಿಕೊಟ್ಟರು. ಮುಂದೆ ಯಾರೂ ಇಲ್ಲ, ಖಾಲಿ ಮೈದಾನ. ಹತ್ತು ವರ್ಷಗಳ ಹಿಂದಾಗಿದ್ದರೆ ನೋಡುವವರು ಎದ್ದು ನಿಲ್ಲುವ ಮೊದಲೇ ಟಚ್‌ಡೌನ್. ಗ್ರೇಂಜ್ ಓಡಿದ. ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ಬೆನ್ನಟ್ಟಿ ಬಂದು ಅವನನ್ನು ಕೆಡವಿದವನು ಓಟಗಾರನಲ್ಲ. ನೂರು ಕಿಲೋಗೂ ಮೀರಿ ತೂಗುವ, ಮುಂದಿನ ಸಾಲಿನಲ್ಲಿ ನಿಂತು ತಳ್ಳುವುದೇ ಕೆಲಸವಾದ ಒಬ್ಬ ದಡೂತಿ. ಗ್ರೇಂಜ್ ಎದ್ದು, ಮೈ ಕೊಡವಿಕೊಂಡು, ಹೊರಗೆ ನಡೆದ.